ಅಂಚಿಗೆ ಅಂಟಿಸಿದ ಕಾಗದ

ನನ್ನ ಬಳಿ ಒಂದು ಹಳೆಯ ನೋಟುಬುಕ್ಕಿದೆ. ನಿಲಕ್ಕೋಟ್ಟೈಯಲ್ಲಿ ಶಾಲೆಗೆ ಹೋಗುತ್ತಿದ್ದ ದಿನಗಳಲ್ಲಿ, ಸಂಜೆ ಮಲ್ಲಿಗೆ ಕಟ್ಟುತ್ತಾ ಅವ್ವ ಹಾಡುತ್ತಿದ್ದ ಮದುವೆ ಹಾಡುಗಳನ್ನು ಅದರಲ್ಲಿ ಬರೆದುಕೊಂಡಿದ್ದೆ. ಹಾಡು ಕನ್ನಡ, ಅಕ್ಷರ ತಮಿಳು. ಕಂಬಂ ಕಣಿವೆ, ದಿಂಡಿಗಲ್ ಸೀಮೆಗಳ ನಮ್ಮಂಥ ಮನೆಗಳಲ್ಲಿ ಕನ್ನಡವೆಂದರೆ ಅಡಿಗೆಮನೆಯ ಮಾತು, ಓದುಬರಹವೆಲ್ಲ ತಮಿಳು. ನಾನು ಕನ್ನಡ ಅಕ್ಷರ ಕಲಿತದ್ದು ನಲವತ್ತು ದಾಟಿದ ಮೇಲೆ. ಅಷ್ಟರಲ್ಲಿ ಅವ್ವ ಇರಲಿಲ್ಲ.

ಈಗ ಆ ಹಾಡುಗಳನ್ನು ಕನ್ನಡ ಲಿಪಿಗೆ ಇಳಿಸಲು ಕುಳಿತರೆ ಕೈ ತಡೆಯುತ್ತದೆ. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಒಂದು ಹಾಡಿನಲ್ಲಿ ಬರುವ ಪದ ‘ಕಂಡ’ವೋ ‘ಗಂಡ’ವೋ ತಿಳಿಯದು, ಎರಡೂ ಹೊಂದುತ್ತವೆ. ನಡುನಡುವೆ ತಮಿಳು ಪದಗಳೂ ಇವೆ. ಅವನ್ನು ತೆಗೆದು ‘ಶುದ್ಧ’ ಮಾಡಲೇ? ತೀರಿಕೊಂಡವರ ಮಾತನ್ನು ತಿದ್ದುವ ಹಕ್ಕು ನಮಗುಂಟೆ? ಗಡಿಯಲ್ಲಿ ಬದುಕುವ ಓದುಗರಿಗೆ ಈ ಪ್ರಶ್ನೆ ಹೊಸದಾಗಿರಲಾರದು.

ಈ ತೊಳಲಾಟದಲ್ಲಿ ನನಗೆ ನೆನಪಾಗುವವರು ಅಮೆರಿಕದ ಜಲವರ್ಣ ಕಲಾವಿದ ಚಾರ್ಲ್ಸ್ ಬರ್ಚ್‌ಫೀಲ್ಡ್ (1893-1967). ಅವರ ಚಿತ್ರಗಳನ್ನು ನಾನು ಕಂಡದ್ದು ಪುಸ್ತಕದಲ್ಲಿ ಮಾತ್ರ. ಅವರು ಬೆಳೆದ ಊರಿನ ಹೆಸರೂ ಸೇಲಂ. ನಮ್ಮ ಸೇಲಂ ಅಲ್ಲ, ಒಹಾಯೊ ರಾಜ್ಯದ್ದು. 1917ರಲ್ಲಿ, ಇಪ್ಪತ್ತನಾಲ್ಕರ ಹರೆಯದಲ್ಲಿ, ಬಾಲ್ಯದಲ್ಲಿ ಕೇಳಿದ ಸದ್ದುಗಳನ್ನೂ ಪಟ್ಟ ಭಯವನ್ನೂ ಬಣ್ಣದಲ್ಲಿ ಹಿಡಿಯಲು ಅವರು ಹೊರಟರು. ಮಳೆ ಸುರಿಯುವ ಚಳಿಗಾಲದ ರಾತ್ರಿ ಇಗರ್ಜಿಯ ಗಂಟೆ ಮೊಳಗುವ ಚಿತ್ರ ಆ ವರ್ಷದ್ದೇ. ಗಂಟೆಗೋಪುರ ಮಗುವನ್ನು ಹೆದರಿಸುವ ಪ್ರಾಣಿಯಂತೆ ಎದ್ದು ನಿಂತಿದೆ. ನಾದವೇ ಸುರುಳಿಯಾಗಿ ಕಾಣುತ್ತದೆ. ಕಿವಿಯದನ್ನು ಕಣ್ಣಿಗೆ ತರಲು ಅವರು ತಮ್ಮದೇ ಗುರುತುಗಳನ್ನು ಮಾಡಿಕೊಂಡಿದ್ದರು. ನಾನೂ ಕೈಗೆ ಸಿಕ್ಕಿದ ಅಕ್ಷರದಲ್ಲಿ ಅವ್ವನ ದನಿಯನ್ನು ಹಿಡಿಯಲು ಹೋದವನೇ ಅಲ್ಲವೆ?

ಆಮೇಲೆ ಹೊಟ್ಟೆಪಾಡು. 1921ರಿಂದ 1929ರವರೆಗೆ ಅವರು ಬಫಲೊ ನಗರದಲ್ಲಿ ಗೋಡೆಗೆ ಅಂಟಿಸುವ ಕಾಗದಕ್ಕೆ ವಿನ್ಯಾಸ ಬರೆದರು. ಚಿತ್ರಗಳೂ ಕಣ್ಣಿಗೆ ಕಂಡ ಬೀದಿ, ಮನೆಗಳತ್ತ ಹೊರಳಿದವು. ಐವತ್ತರ ಹೊತ್ತಿಗೆ, 1943ರಲ್ಲಿ, ಹರೆಯದ ಹಾಳೆಗಳನ್ನು ಮತ್ತೆ ಹೊರತೆಗೆದರು. ಅವು ಚಿಕ್ಕವೆನ್ನಿಸಿದವು. ಸುತ್ತ ಹೊಸ ಕಾಗದ ಅಂಟಿಸಿ ಚಿತ್ರವನ್ನು ಹಿಗ್ಗಿಸಿದರು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿರುವ ‘ವಸಂತದ ಆಗಮನ’ದ ಕಾಲ 1917-43 ಎಂದಿದೆ. ಒಂದೇ ಚಿತ್ರಕ್ಕೆ ಎರಡು ವಯಸ್ಸು.

ಇದು ಸರಿಯೆ? ಆ ಹುಡುಗ ಬರೆದ ಚಿಕ್ಕ ಚಿತ್ರ ಈಗ ಪ್ರತ್ಯೇಕವಾಗಿ ಉಳಿದಿಲ್ಲ. ದೊಡ್ಡವನ ಚಿತ್ರದೊಳಗೆ ಸೇರಿಹೋಗಿದೆ. ಆದರೆ ಅವರು ಹಿಗ್ಗಿಸಿದ್ದು ತಮ್ಮದನ್ನೇ. ನನ್ನ ನೋಟುಬುಕ್ಕಿನಲ್ಲಿ ಕೈಬರಹ ನನ್ನದು, ದನಿ ಅವ್ವನದು. ಅವರಿಗಿದ್ದ ಸಲಿಗೆ ನನಗಿಲ್ಲ.

ಮರಳುವುದಕ್ಕೆ ಇನ್ನೊಂದು ದಾರಿಯೂ ಇದೆ. ನಮ್ಮ ರುಮಾಲೆ ಚನ್ನಬಸವಯ್ಯನವರು (1910-1988) ಸ್ವಾತಂತ್ರ್ಯ ಚಳವಳಿಗಾಗಿ ಕುಂಚ ಕೆಳಗಿಟ್ಟವರು. 1960ರ ದಶಕದಲ್ಲಿ ಮತ್ತೆ ಹಿಡಿದಾಗ ಹಳೆಯ ಹಾಳೆ ಹುಡುಕದೆ ಬೆಂಗಳೂರಿನ ಹೂಬಿಟ್ಟ ಮರಗಳ ಮುಂದೆ ನಿಂತರು. ಮರ ಪ್ರತಿ ವರ್ಷ ಹೂ ಬಿಡುತ್ತದೆ. ಅವ್ವ ಮತ್ತೆ ಹಾಡಲಾರಳು.

ಕೊನೆಗೆ ನಾನು ಮಾಡಿದ್ದಿಷ್ಟು. ಹಳೆಯ ನೋಟುಬುಕ್ಕನ್ನು ಮುಟ್ಟಲಿಲ್ಲ. ಹೊಸದೊಂದರಲ್ಲಿ ಕನ್ನಡ ಅಕ್ಷರದಲ್ಲಿ ಬರೆದೆ. ತಮಿಳು ಪದಗಳನ್ನು ಹಾಗೆಯೇ ಬಿಟ್ಟೆ. ಅವ್ವನ ಬಾಯಲ್ಲಿ ಅವೂ ಕನ್ನಡವೇ ಆಗಿದ್ದವು. ‘ಕಂಡ’ ಎಂದು ಬರೆದು ಪಕ್ಕದಲ್ಲಿ ‘ಗಂಡ’ ಎಂದೂ ಬರೆದೆ. ಓದಿದವರು ಇದೇನು ಗೊಂದಲ ಎಂದಾರು. ಗೊಂದಲ ನನ್ನದು, ಹಾಡು ಅವಳದು. ಕಾಗದ ಎಲ್ಲಿ ಅಂಟಿಸಿದೆನೆಂಬುದು ಮಕ್ಕಳಿಗೆ ಕಾಣುವಂತಿದ್ದರೆ ಸಾಕು.