ಬ್ಯಾಟರಿ ಇಲ್ಲದ ಧ್ವನಿ

1984ರ ಬೇಸಿಗೆ ರಜೆ. ಎಸ್.ಪಿ. ರಸ್ತೆಯಿಂದ ಓಎ79 ಡಯೋಡು, ಗ್ಯಾಂಗ್ ಕಂಡೆನ್ಸರು, ಕ್ರಿಸ್ಟಲ್ ಇಯರ್‌ಫೋನು ತಂದು ರೇಡಿಯೋ ಕಟ್ಟಲು ಕೂತೆ. ಕಾಯಿಲನ್ನು ಪೌಡರ್ ಡಬ್ಬಿಯ ಮೇಲೆ ಸುತ್ತಿ ಎರಡು ದಿನ ಕಳೆದೆ. ತಗಡಿನ ಮೇಲೆ ಸುತ್ತಿದರೆ ತಗಡೇ ಎಲ್ಲ ನುಂಗುತ್ತದೆ ಎಂದು ಹೇಳುವವರಿರಲಿಲ್ಲ. ಕೊನೆಗೆ ರಟ್ಟಿನ ಕೊಳವೆ ಸಿಕ್ಕಿತು. ತೆಂಗಿನ ಮರದಿಂದ ಕಿಟಕಿಗೆ ನಲವತ್ತು ಅಡಿ ತಂತಿ ಏರಿಯಲ್ಲು, ನಲ್ಲಿಯ ಕಬ್ಬಿಣದ ಪೈಪೇ ಅರ್ತು. ಬ್ಯಾಟರಿ ಇಲ್ಲ, ಕರೆಂಟಿಲ್ಲ. ಗ್ಯಾಂಗ್ ತಿರುಗಿಸುತ್ತಿದ್ದಂತೆ 612 ಕಿಲೋಹರ್ಟ್ಸ್‌ನ ಬೆಂಗಳೂರು ಕೇಂದ್ರ ಸೊಳ್ಳೆ ದನಿಯಲ್ಲಿ ಪ್ರದೇಶ ಸಮಾಚಾರ ಓದತೊಡಗಿತು.

‘ತಾತ, ರೇಡಿಯೋ ಮಾಡ್ದೆ! ಮಾತು ಬಂತು!’

ತಾತ ಮೈಸೂರಿನ ಸಂಸ್ಕೃತ ಪಾಠಶಾಲೆಯಲ್ಲಿ ಮೀಮಾಂಸೆ ಓದಿದವರು. ಇಯರ್‌ಫೋನು ಕಿವಿಗಿಟ್ಟು, ಕಣ್ಣು ಮುಚ್ಚಿ ಕೇಳಿ, ‘ನೀನು ಮಾಡಿದ್ದೋ, ಮೊದಲೇ ಇತ್ತೋ?’ ಅಂದರು.

ನ್ಯಾಯ, ಮೀಮಾಂಸೆ ಎಂಬ ಎರಡು ದರ್ಶನಗಳ ಹಳೆಯ ಜಗಳ ಇದು. ನೈಯಾಯಿಕರಿಗೆ ಶಬ್ದ ಆಕಾಶದ ಗುಣ, ಆದರೆ ಹುಟ್ಟಿ ಸಾಯುವಂಥದ್ದು. ಕುಂಬಾರನ ಗಡಿಗೆಯ ಹಾಗೆ. ಮೀಮಾಂಸಕರಿಗೆ ಅದು ನಿತ್ಯ. ಕತ್ತಲ ಕೋಣೆಗೆ ದೀಪ ತಂದರೆ ಗಡಿಗೆ ಕಾಣುತ್ತದೆ, ದೀಪವೇನು ಗಡಿಗೆ ಮಾಡಿತೇ?

ನಾನು ನನಗೇ ಗೊತ್ತಿಲ್ಲದೆ ನೈಯಾಯಿಕನಾದೆ. ಆಕಾಶದಲ್ಲಿರುವುದು ಅಲೆ, ಮಾತಲ್ಲ. ಡಯೋಡು ಅಲೆಯ ಒಂದು ಮಗ್ಗುಲನ್ನು ಕತ್ತರಿಸುತ್ತದೆ, ಇಯರ್‌ಫೋನಿನ ಹರಳು ಅದುರುತ್ತದೆ, ದನಿ ಹುಟ್ಟುವುದು ಅಲ್ಲೇ ಎಂದೆ.

‘ಅದುರಿಸೋ ಶಕ್ತಿ ಯಾರದು? ನೀನು ಬ್ಯಾಟರೀನೇ ಹಾಕಿಲ್ಲವಲ್ಲೋ.’

ಉತ್ತರವಿರಲಿಲ್ಲ. ಕ್ರಿಸ್ಟಲ್ ಸೆಟ್ಟಿನಲ್ಲಿ ಕೇಳುವ ಪ್ರತಿ ಅಕ್ಷರವೂ ಪ್ರಸಾರ ಕೇಂದ್ರದ ಶಕ್ತಿಯಿಂದಲೇ.

1935ರಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಲ್ಲೇ ಪ್ರಸಾರ ಆರಂಭಿಸಿದ್ದರಲ್ಲ, ಆ ‘ಆಕಾಶವಾಣಿ’ಯ ಹೆಸರನ್ನೂ ತಾತ ತಮ್ಮ ಪಕ್ಷಕ್ಕೆ ಎಳೆದುಕೊಂಡರು. (ಹೆಸರು ನೈಯಾಯಿಕರಿಗೇ ಹತ್ತಿರ ಎಂದು ಈಗ ಅನ್ನಿಸುತ್ತದೆ.) ಅವರ ವಾದದಲ್ಲಿ ಇನ್ನೊಂದು ಸಡಿಲವೂ ಇತ್ತು. ಮೀಮಾಂಸಕರು ನಿತ್ಯ ಎನ್ನುವುದು ವರ್ಣಗಳನ್ನು, ವಾರ್ತೆ ಓದುವವರ ಕಂಠವನ್ನಲ್ಲ. ಅಂದು ಅಷ್ಟು ಓದಿದ್ದರೆ ಗೆಲ್ಲುತ್ತಿದ್ದೆನೇನೋ. ಈಗಲೂ ಭಾನುವಾರ ಸೋಲ್ಡರಿಂಗ್ ಐರನ್ ಹಿಡಿಯುತ್ತೇನೆ. ಸರ್ಕ್ಯೂಟು ಜೀವ ತಳೆದ ಗಳಿಗೆಯಲ್ಲಿ ‘ನಾನು ಮಾಡಿದೆ’ ಎನ್ನುವ ಮಾತು ಮಾತ್ರ ಗಂಟಲಲ್ಲೇ ತಡೆಯುತ್ತದೆ.

ಆ ದಿನ ಸೋಲೊಪ್ಪದೆ ಏರಿಯಲ್ ತಂತಿಯನ್ನು ಕಿತ್ತುಬಿಟ್ಟೆ. ‘ಈಗೆಲ್ಲಿದೆ ತೋರಿಸಿ ತಾತ, ಸತ್ತೋಯ್ತಲ್ಲ!’

ತಾತ ಇಯರ್‌ಫೋನು ತೆಗೆದು, ಪಕ್ಕದ ಮನೆಯ ಕಿಟಕಿಯತ್ತ ಗಲ್ಲ ಎತ್ತಿ ತೋರಿಸಿದರು. ಅಲ್ಲಿ ಮರ್ಫಿ ರೇಡಿಯೋ ಅದೇ ವಾಕ್ಯವನ್ನು ಮುಗಿಸುತ್ತಿತ್ತು.