ಹೊಳೆ ದೊಡ್ಡದು

ಅಘನಾಶಿನಿ ಕಡಲು ಸೇರುವ ಕಡೆ, ಕುಮಟಾ ತಾಲ್ಲೂಕಿನ ಗಜನಿ ಗದ್ದೆಗಳಲ್ಲಿ, ನೀರು ಯಾರೊಬ್ಬರದೂ ಅಲ್ಲ. ಉಬ್ಬರಕ್ಕೆ ಒಳಗೆ ಬರುತ್ತದೆ, ಇಳಿತಕ್ಕೆ ಹೊರಗೆ ಹೋಗುತ್ತದೆ. ಮಳೆಗಾಲದಲ್ಲಿ ಉಪ್ಪು ತಾಳಿಕೊಳ್ಳುವ ಕಗ್ಗ ಭತ್ತ, ಅದು ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಮೀನು, ಸೀಗಡಿ. 1990ರ ದಶಕದಲ್ಲಿ ಸೀಗಡಿಗೆ ರಫ್ತಿನ ಬೆಲೆ ಬಂದು ಹಲವು ಗಜನಿಗಳು ಸೀಗಡಿ ಕೆರೆಗಳಾದವು. ಬೆನ್ನಿಗೇ ಬಿಳಿಚುಕ್ಕೆ ರೋಗ ಬಂತು. ಆ ವೈರಸ್ಸಿಗೆ ಮದ್ದಿಲ್ಲ. ಹತ್ತು ದಿನದೊಳಗೆ ಇಡೀ ಕೆರೆಯೇ ಸತ್ತುಹೋಗಬಹುದು.

ಸಂಶೋಧನೆಯ ಓಡಾಟದಲ್ಲಿ ಹಿರಿಯರೊಬ್ಬರು ಸಿಕ್ಕರು. ರೋಗ ಬಿದ್ದ ಕೆರೆಯ ನೀರನ್ನು ಬ್ಲೀಚಿಂಗ್ ಪೌಡರ್ ಹಾಕಿ, ಕೆಲವು ದಿನ ಕಟ್ಟಿಹಾಕಿ, ಆಮೇಲೆ ಬಿಡಬೇಕೆಂಬುದು ಅವರಿಗೆ ಗೊತ್ತಿತ್ತು. ತಲೆಯ ಮೇಲೆ ಸಾಲವೂ ಇತ್ತು. "ರಾತ್ರಿ ತೂಬು ತೆಗೆದುಬಿಟ್ಟೆ ತಮಾ. ಹೊಳೆ ದೊಡ್ಡದಲ್ವಾ?" ಎಂದರು. ಮರುದಿನದ ಉಬ್ಬರಕ್ಕೆ ಪಕ್ಕದವರು ಅದೇ ನೀರನ್ನು ತಮ್ಮ ಕೆರೆಗೆ ತೆಗೆದುಕೊಂಡರು.

ಅವರು ಮಾಡಿದ್ದು ತಪ್ಪೇ? ಪಕ್ಕದ ಕೆರೆಗೆ ರೋಗ ಹೋದದ್ದು ಇವರ ನೀರಿನಿಂದಲೇ ಎಂದು ಯಾರೂ ಸಾಬೀತು ಮಾಡಲಾರರು. ಏಡಿಯೂ ಆ ವೈರಸ್ಸನ್ನು ಹೊತ್ತು ತರುತ್ತದೆ. ಡೆರೆಕ್ ಪಾರ್ಫಿಟ್ 1984ರ ತನ್ನ ಪುಸ್ತಕದಲ್ಲಿ ಈ ಬಗೆಯ ಲೆಕ್ಕವನ್ನೇ ನೈತಿಕ ಗಣಿತದ ತಪ್ಪು ಎಂದು ಕರೆದ. ನನ್ನೊಬ್ಬನ ಪಾಲು ಕಣ್ಣಿಗೆ ಕಾಣದಷ್ಟು ಚಿಕ್ಕದಿರಬಹುದು. ಆದರೆ ಎಲ್ಲರ ಪಾಲೂ ಕೂಡಿ ಕೇಡಾಗುವುದಾದರೆ ನನ್ನದೂ ತಪ್ಪೇ ಎಂಬುದು ಅವನ ವಾದ.

'ಹೊಳೆ ದೊಡ್ಡದು' ಎಂಬ ಮಾತನ್ನು ನಾವೆಲ್ಲ ಆಡುತ್ತೇವೆ, ಆಕಾಶವನ್ನು ಕುರಿತು. ನನ್ನ ಒಂದು ಬೈಕಿನ ಹೊಗೆಯಿಂದ ಏನಾದೀತು? ಆದರೆ ಕಡಲು ಬಿಸಿಯಾಗುತ್ತಿದೆ, ಬೆಚ್ಚಗಿನ ನೀರು ವಿಬ್ರಿಯೊ ಬ್ಯಾಕ್ಟೀರಿಯಾಗಳಿಗೆ ಹಿತ. 2014ರ ಬೇಸಿಗೆಯ ಬಿಸಿಗೆ ಸ್ವೀಡನ್, ಫಿನ್ಲೆಂಡಿನಂಥ ತಣ್ಣನೆಯ ನಾಡುಗಳ ಕರಾವಳಿಯಲ್ಲೂ ಜನರಿಗೆ ವಿಬ್ರಿಯೊ ಸೋಂಕು ತಗುಲಿತು. ಕಾಲರಾ ತರುವುದು ಇದೇ ಕುಲದ ಒಂದು ಜೀವಿ. ಅದರ ದಾಯಾದಿ ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್‌ನ ಕೆಲವು ತಳಿಗಳು ಸೀಗಡಿಯನ್ನು ಕೊಲ್ಲುತ್ತವೆ, ಬೇರೆ ಕೆಲವು ಮನುಷ್ಯರಿಗೆ ವಾಂತಿಭೇದಿ ತರುತ್ತವೆ. ಕೆರೆಯ ರೋಗ, ಮನೆಯ ರೋಗ ಎಂದು ನಾವು ಹಾಕಿಕೊಂಡ ಕಟ್ಟೆ ನೀರಿಗೆ ಗೊತ್ತಿಲ್ಲ.

ಹಾಗೆಂದು ಆ ಹಿರಿಯರಿಗೆ ಬುದ್ಧಿ ಹೇಳುವ ಧೈರ್ಯ ನನಗಾಗಲಿಲ್ಲ. ಸಾಲವಿಲ್ಲದವನಿಗೆ ಸತ್ಯ ಅಗ್ಗ. ಅವರು ಬೆಳಿಗ್ಗೆ ಪಕ್ಕದವರನ್ನು ಕೂಗಿ "ನನ್ನ ಕೆರೆಗೆ ರೋಗ ಬಿದ್ದಿದೆ, ನೀರು ತಗೋಬೇಡಿ" ಎಂದಿದ್ದರೆ, ನೀರು ಕಟ್ಟಿಹಾಕುವ ಖರ್ಚೂ ನಷ್ಟವೂ ಅವರೊಬ್ಬರ ಮೇಲೇ ಬೀಳುತ್ತಿತ್ತು, ಲಾಭ ಮಾತ್ರ ಊರಿಗೆಲ್ಲ. ಬಡವನಿಂದ ಇಂಥ ಸತ್ಯವನ್ನು ಬಿಟ್ಟಿಯಾಗಿ ಕೇಳುವುದೂ ಒಂದು ಬಗೆಯ ಕಳ್ಳತನವೇ.

ಆದ್ದರಿಂದ ನನಗೆ ಕಾಣುವ ಉತ್ತರ ಇಷ್ಟು: ಹೇಳುವುದು ಒಬ್ಬನ ಕರ್ತವ್ಯ, ಹೇಳಿದವನು ಮುಳುಗದಂತೆ ನೋಡಿಕೊಳ್ಳುವುದು ಉಳಿದವರ ಕರ್ತವ್ಯ. ಎರಡನೆಯದನ್ನು ಮಾಡದವರಿಗೆ ಮೊದಲನೆಯದನ್ನು ಕೇಳುವ ಹಕ್ಕು ಕಡಿಮೆ. ಒಂದೇ ಹೊಳೆಯ ನೀರು ಹಂಚಿಕೊಂಡವರು ಅದರ ನಷ್ಟವನ್ನೂ ಹಂಚಿಕೊಳ್ಳಬೇಕು.

ಹೊರಡುವಾಗ ಆ ಹಿರಿಯರು ಪಕ್ಕದ ಕೆರೆಯ ಕಡೆ ನೋಡಿ ಹೇಳಿದರು: "ಅವನಿಗೆ ಇವತ್ತಿಗೂ ಹೇಳಿಲ್ಲ." ಹೊಳೆ ದೊಡ್ಡದೇ. ಆದರೂ ಆ ಒಂದು ರಾತ್ರಿಯ ನೀರು ಅವರೊಳಗೆ ಇನ್ನೂ ಕರಗಿರಲಿಲ್ಲ.