ಗುಹೆಯೊಳಗಿನ ಹಡಗು

ದೊಡ್ಡಾಟದಲ್ಲಿ ಯಾವ ಪಾತ್ರವೂ ಸುಮ್ಮನೆ ಅಟ್ಟದ ಮೇಲೆ ಬಂದು ಮಾತು ಶುರು ಮಾಡುವಂತಿಲ್ಲ. ಭುಜಕೀರ್ತಿ ಕಟ್ಟಿಕೊಂಡು, ತಲೆಗಿಂತ ದೊಡ್ಡ ಕಿರೀಟ ಹೊತ್ತು, ಗೆಜ್ಜೆ ಕುಟ್ಟುತ್ತ ವೇಷ ಬರುತ್ತದೆ. ಮದ್ದಳೆ ನಿಲ್ಲುತ್ತದೆ. ಆಗ ಸಾರಥಿ ಎದುರಿಗೆ ಬಂದು ತಾವು ಯಾರು, ಯಾವ ದೇಶದ ಅರಸರು, ಈ ಸಭೆಗೆ ಬಂದ ಕಾರಣವೇನು ಎಂದು ವಿಚಾರಿಸುತ್ತಾನೆ. ಬಂದವನು ಯಾರೆಂದು ಕೂತ ಮಂದಿಗೆಲ್ಲ ಗೊತ್ತು. ಅವನು ಭೀಮನೂ ಹೌದು, ಕೆಳಗಿನ ಓಣಿಯವರ ನಡುವಿನ ಮಗನೂ ಹೌದು. ಆದರೂ ಸಾರಥಿ ಕೇಳಲೇಬೇಕು, ವೇಷ ಹೇಳಲೇಬೇಕು.

ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ಆಟ ನೋಡುವಾಗೆಲ್ಲ ನನ್ನನ್ನು ಹಿಡಿದು ನಿಲ್ಲಿಸುವುದು ಈ ಪ್ರಶ್ನೆಯೇ. ಯುದ್ಧ, ಶಪಥ, ಹಾಡು ಎಲ್ಲ ಆಮೇಲೆ. ತಿಂಗಳುಗಟ್ಟಲೆ ರಾತ್ರಿ ತಾಲೀಮು ಮಾಡಿ, ಮಾಸ್ತರರ ಕೈಯಲ್ಲಿ ಬೈಸಿಕೊಂಡು, ಎಳ್ಳು-ಸಜ್ಜೆಯ ಹೊಲದಲ್ಲಿ ಮಾತು ಬಾಯಿಪಾಠ ಮಾಡಿದ ಒಬ್ಬ ಮನುಷ್ಯ ನೀನು ಯಾರು ಎಂಬ ಪ್ರಶ್ನೆಗೆ ತನ್ನದಲ್ಲದ ಹೆಸರನ್ನು ತನ್ನದೇ ಎಂಬಂತೆ ಗಟ್ಟಿ ದನಿಯಲ್ಲಿ ಹೇಳುತ್ತಾನೆ. ಹೇಳಿದ ಗಳಿಗೆಯಿಂದ ಅವನ ನಿಲುವು ಬದಲಾಗುತ್ತದೆ, ಕಣ್ಣು ಬೇರೆ ಕಡೆ ನೋಡಲು ಶುರು ಮಾಡುತ್ತದೆ. ಬೆಳಿಗ್ಗೆ ಎತ್ತಿಗೆ ನೀರು ಕುಡಿಸಿದವನು ರಾತ್ರಿ ಹಸ್ತಿನಾವತಿಯನ್ನು ನೋಡುತ್ತಿದ್ದಾನೆ. ಎದುರಿಗಿರುವುದು ಅದೇ ಅಗಸಿ, ಅದೇ ಹನುಮಪ್ಪನ ಗುಡಿ.

ಇದೇ ಪ್ರಶ್ನೆಯನ್ನು ನನಗೆ ಕಂಪ್ಯೂಟರ್ ಪರದೆಯೂ ಕೇಳಿತು. ಗಂಗಾವತಿಯಲ್ಲಿ ಕೂತು ರಾತ್ರಿ ಹೊತ್ತು ಆನ್‌ಲೈನ್ ಆಟ ಆಡುವವರು ನಾವು ಕೆಲವರಿದ್ದೇವೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ನಮ್ಮ ಆಟ. 2004ರ ನವೆಂಬರಿನಲ್ಲಿ ಬಂದದ್ದು. ಅದರ ಮೊದಲಿನ ರೂಪವನ್ನೇ 2019ರಲ್ಲಿ ಕ್ಲಾಸಿಕ್ ಎಂಬ ಹೆಸರಿನಲ್ಲಿ ಮತ್ತೆ ತೆರೆದರು. ಒಳಗೆ ಕಾಲಿಡುವ ಮೊದಲು ನೀನು ಯಾವ ಕುಲದವನು, ಯಾವ ಕ್ಲಾಸಿನವನು, ನಿನ್ನ ಹೆಸರೇನು ಎಂದು ಅದು ಕೇಳುತ್ತದೆ. ಮನುಷ್ಯ, ಕುಳ್ಳ, ಇರುಳಿನ ಎಲ್ಫ್. ವಾರಿಯರ್, ಬೇಟೆಗಾರ, ಮಂತ್ರವಾದಿ, ಪ್ರೀಸ್ಟ್. ಮೊದಲು ಒಂಬತ್ತು ಕ್ಲಾಸುಗಳಿದ್ದವು. 2008ರಲ್ಲಿ ಡೆತ್ ನೈಟ್ ಸೇರಿತು, 2012ರಲ್ಲಿ ಮಾಂಕ್, 2016ರಲ್ಲಿ ಡೀಮನ್ ಹಂಟರ್, 2022ರಲ್ಲಿ ಡ್ರ್ಯಾಗನ್ ಕುಲದ ಇವೋಕರ್. ಈ ಪದ್ಧತಿಯ ಬೇರು ಇನ್ನೂ ಹಿಂದಿನದು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಪ್ರಕಟಿಸಿದ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಎಂಬ ಕಾಗದ-ದಾಳದ ಆಟದಲ್ಲಿ ಇದ್ದದ್ದು ಮೂರೇ ವೇಷ: ಕಾದುವವನು, ಮಂತ್ರ ಹಾಕುವವನು, ದೇವರ ಹೆಸರಲ್ಲಿ ಗುಣಪಡಿಸುವವನು. ಕಳ್ಳ ಬಂದದ್ದು ಮರುವರ್ಷ.

ನಾನು ಬಹಳ ಕಾಲ ವಾರಿಯರ್ ಆಗಿದ್ದೆ. ಐದು ಜನರ ಗುಂಪಿನಲ್ಲಿ ಒಬ್ಬ ಟ್ಯಾಂಕ್, ಗಾಯ ಮಾಯಿಸುವ ಒಬ್ಬ ಹೀಲರ್, ಉಳಿದ ಮೂವರು ಹೊಡೆಯುವವರು. ಟ್ಯಾಂಕ್ ಎಂದರೆ ಎಲ್ಲರಿಗಿಂತ ಮುಂದೆ ಹೋಗಿ, ರಾಕ್ಷಸನನ್ನು ಕೆಣಕಿ, ಅವನ ಸಿಟ್ಟೆಲ್ಲ ತನ್ನ ಮೇಲೆ ತಿರುಗುವಂತೆ ಮಾಡಿ, ಏಟು ತಿನ್ನುತ್ತ ನಿಲ್ಲುವವನು. ನನಗೆ ಅದು ಒಗ್ಗಿತ್ತು. ಕೈ ತಾನೇ ಕೆಲಸ ಮಾಡುತ್ತಿತ್ತು. ಡೆಡ್‌ಮೈನ್ಸ್ ಎಂಬ ಗಣಿಗುಹೆಯನ್ನಂತೂ ಕಣ್ಣು ಮುಚ್ಚಿ ದಾಟಬಲ್ಲೆ ಎಂದುಕೊಂಡಿದ್ದೆ.

ಆ ವೇಷ ಬಿಟ್ಟು ಪ್ರೀಸ್ಟ್ ಆಗಿ ಮತ್ತೆ ಒಂದನೇ ಲೆವೆಲ್ಲಿನಿಂದ ಶುರು ಮಾಡಿದಾಗ ಮೊದಲು ಕಂಡದ್ದು ಖಾಲಿ. ಪರದೆಯ ಕೆಳಗೆ ಮಂತ್ರಗಳನ್ನು ಜೋಡಿಸುವ ಸಾಲಿನಲ್ಲಿ ಒಂದೆರಡು ಚಿತ್ರ ಬಿಟ್ಟರೆ ಏನೂ ಇಲ್ಲ. ತೋಳವೊಂದು ಬಂದರೂ ಎದೆ ಹೊಡೆದುಕೊಳ್ಳುತ್ತದೆ. ಎಷ್ಟೋ ಕಾಲದಿಂದ ಆ ಆಟದಲ್ಲಿ ನನಗೆ ಹೆದರಿಕೆಯೇ ಆಗಿರಲಿಲ್ಲ, ಹಾಗಾಗಿ ಬೆರಗೂ ಆಗಿರಲಿಲ್ಲ ಎಂಬುದು ಆ ತೋಳದ ಮುಂದೆ ನಿಂತಾಗ ಹೊಳೆಯಿತು. ಹುಲ್ಲು ಹುಲ್ಲಿನಂತೆ ಕಂಡಿತು. ಎರಡು ಹೆಜ್ಜೆಗೊಮ್ಮೆ ನಿಂತು ಸುತ್ತ ನೋಡಿದೆ. ಬಲ ಇಲ್ಲದವನು ಲೋಕವನ್ನು ಹೆಚ್ಚು ನೋಡುತ್ತಾನೆ, ನೋಡದೆ ಅವನಿಗೆ ಗತಿಯಿಲ್ಲ.

ಮುಂದೆ ಅದೇ ಡೆಡ್‌ಮೈನ್ಸಿಗೆ ಪ್ರೀಸ್ಟ್ ವೇಷದಲ್ಲಿ ಹೀಲರ್ ಆಗಿ ಹೋದೆ. ನನ್ನ ಜಾಗದಲ್ಲಿ ಟ್ಯಾಂಕ್ ಆಗಿ ಬಂದವನು ಕುಷ್ಟಗಿಯ ಗೆಳೆಯ. ಗುಹೆಯ ಬಾಯಲ್ಲಿ ಹೆಡ್‌ಫೋನಿನೊಳಗೆ ಅವನ ದನಿ ಬಂತು: “ದೋಸ್ತ, ನೀ ನನ್ನ ಜೀವಾ ನೋಡ್ಕೊ. ದೆವ್ವದ್ದು ನಾ ನೋಡ್ಕೋತೀನಿ.”

ಆ ಮಾತಿನಲ್ಲಿ ಇಡೀ ಕ್ಲಾಸಿನ ಪಾಠವಿತ್ತು. ಟ್ಯಾಂಕ್ ರಾಕ್ಷಸನ ಮೋರೆ ನೋಡುತ್ತಾನೆ. ಹಿಂದಿನವರು ಅವನಿಗೆ ಕಾಣುವುದಿಲ್ಲ. ಹೀಲರಿಗೆ ಎಲ್ಲರ ಬೆನ್ನೂ ಕಾಣುತ್ತದೆ. ಪರದೆಯ ಪಕ್ಕದಲ್ಲಿ ಐದು ಹಸಿರು ಪಟ್ಟಿಗಳಿರುತ್ತವೆ, ಒಬ್ಬೊಬ್ಬರ ಜೀವಕ್ಕೆ ಒಂದೊಂದು. ಯಾವುದು ಕುಗ್ಗುತ್ತಿದೆ, ಎಷ್ಟು ಬೇಗ ಕುಗ್ಗುತ್ತಿದೆ ಎಂದು ನೋಡುತ್ತಿರಬೇಕು. ಗುಣಪಡಿಸುವ ಮಂತ್ರ ಮುಗಿಯಲು ಒಂದೂವರೆ ಸೆಕೆಂಡ್, ಕೆಲವಕ್ಕೆ ಇನ್ನೂ ಹೆಚ್ಚು ಬೇಕು. ಏಟು ಬಿದ್ದ ಮೇಲೆ ಶುರು ಮಾಡಿದರೆ ತಡವಾಯಿತು. ರಾಕ್ಷಸ ಗದೆ ಎತ್ತುವಾಗಲೇ ಇಲ್ಲಿ ಮಂತ್ರ ಶುರುವಾಗಿರಬೇಕು. ಅಂದರೆ ಇನ್ನೂ ಆಗದ ಗಾಯಕ್ಕೆ ಮದ್ದು ಅರೆಯುತ್ತ ಕೂರುವ ಕೆಲಸ. ವಾರಿಯರ್ ಆಗಿದ್ದಾಗ ನನ್ನ ಹಿಂದೆ ಯಾರೋ ಒಬ್ಬರು ಪ್ರತಿ ಸಲವೂ ಇದನ್ನು ಮಾಡುತ್ತಿದ್ದರು. ನಾನು ಗೆದ್ದೆ ಎಂದುಕೊಂಡ ಒಂದೊಂದು ಕಾಳಗದಲ್ಲೂ ಅವರ ಆ ಒಂದೂವರೆ ಸೆಕೆಂಡುಗಳಿದ್ದವು.

ಗುಂಪು ಕೆಲವರನ್ನು ಹೊಡೆದು ಮುಗಿಸಿದ ಮೇಲೆ ಪ್ರೀಸ್ಟ್ ನೆಲಕ್ಕೆ ಕೂತು ನೀರು ಕುಡಿಯಬೇಕಾಗುತ್ತದೆ. ಖರ್ಚಾದ ಮಂತ್ರಶಕ್ತಿ ತುಂಬಿಕೊಳ್ಳುವವರೆಗೆ ಉಳಿದವರು ಕಾಯುತ್ತಾರೆ. ಹಾಗೆ ನೀರು ಕುಡಿಯುತ್ತ ಕೂತಿದ್ದಾಗ ಗುಹೆಯೊಳಗಿನ ಹಡಗು ಕಂಡಿತು. ಬೆಟ್ಟದ ಹೊಟ್ಟೆಯೊಳಗೆ ಒಂದು ದೊಡ್ಡ ಕೊಳ, ಅದರಲ್ಲಿ ಕಂಬ-ಹಗ್ಗ-ಮೆಟ್ಟಿಲುಗಳ ಸಮೇತ ಇಡೀ ಹಡಗು. ವಾರಿಯರ್ ಆಗಿಯೂ ಆ ಹಡಗನ್ನು ಹತ್ತಿದ್ದೆ, ಅದರ ಮೇಲೆ ಕಾದಿದ್ದೆ. ಆದರೆ ಅದರ ಪಟಕಂಬ ಗುಹೆಯ ಮಾಳಿಗೆಯ ಕಡೆ ಹೇಗೆ ಏರಿ ನಿಂತಿದೆ ಎಂದು ತಲೆಯೆತ್ತಿ ನೋಡಿರಲಿಲ್ಲ. ಅದರ ಒಡೆಯ ಎಡ್ವಿನ್ ವ್ಯಾನ್‌ಕ್ಲೀಫನ ಕಥೆಯನ್ನೂ ಆಗಲೇ ಓದಿದ್ದು. ಅವನು ಹುಟ್ಟುಗಳ್ಳನಲ್ಲ, ಕಲ್ಲುಕುಟಿಗರ ಮುಂದಾಳು. ಯುದ್ಧದಲ್ಲಿ ಹಾಳಾದ ರಾಜಧಾನಿಯನ್ನು ಅವನೂ ಅವನ ಜೊತೆಗಾರರೂ ಮತ್ತೆ ಕಟ್ಟಿದರು. ಅರಮನೆಯವರು ಕೂಲಿ ಕೊಡಲಿಲ್ಲ. ಅವರು ಕಾಡು ಸೇರಿದರು. ಕುಷ್ಟಗಿಯಿಂದ ಇಳಕಲ್ಲಿನವರೆಗೆ ಗ್ರಾನೈಟಿನ ನೆಲ, ಕಲ್ಲಿನ ಕೆಲಸ ಬಲ್ಲ ಮಂದಿ. ಈ ಕಥೆ ಕೇಳಿ ನನ್ನ ಗೆಳೆಯ ಆ ರಾತ್ರಿ ಸ್ವಲ್ಪ ಹೊತ್ತು ಮುಂದೆ ಹೆಜ್ಜೆ ಇಡಲಿಲ್ಲ. ಆಟ ಬರೆದವರು ಇದನ್ನೆಲ್ಲ ಮೊದಲಿನಿಂದಲೂ ಅಲ್ಲಿಟ್ಟಿದ್ದರು. ಓದಲು ನನಗೆ ಕೂರುವ ವೇಷ ಬೇಕಾಯಿತು.

ಇಲ್ಲಿಯ ನೆಲದಲ್ಲಿ ವೇಷದ ಮಾತು ಬಂದರೆ ಹನುಮಂತನನ್ನು ಬಿಟ್ಟು ಮುಂದೆ ಹೋಗಲಾಗದು. ಆನೆಗೊಂದಿಯ ಸುತ್ತಲಿನ ಬೆಟ್ಟಗಳೇ ಕಿಷ್ಕಿಂಧೆ, ಅಂಜನಾದ್ರಿಯೇ ಅವನು ಹುಟ್ಟಿದ ಬೆಟ್ಟ ಎಂದು ನಂಬಿ 575 ಮೆಟ್ಟಿಲು ಹತ್ತುವವರು ವರ್ಷವಿಡೀ ಬರುತ್ತಾರೆ. ವಾಲ್ಮೀಕಿ ರಾಮಾಯಣದಲ್ಲಿ ಹನುಮಂತ ರಾಮನ ಎದುರಿಗೆ ಮೊದಲು ಬರುವುದೇ ವೇಷ ಹಾಕಿಕೊಂಡು. ಬಿಲ್ಲು ಹಿಡಿದ ಇಬ್ಬರನ್ನು ಕಂಡು ಸುಗ್ರೀವ ಹೆದರುತ್ತಾನೆ, ಮಂತ್ರಿಯನ್ನು ಕಳಿಸುತ್ತಾನೆ. ಮಂತ್ರಿ ಭಿಕ್ಷುವಿನ ರೂಪದಲ್ಲಿ ಇಳಿದು ಬಂದು ನೀವು ಯಾರು ಎಂದು ಕೇಳುತ್ತಾನೆ. ನಮ್ಮ ದೊಡ್ಡಾಟದ ಸಾರಥಿ ಕೇಳುವುದೂ ಅದನ್ನೇ. ಹನುಮಂತನ ಮಾತಿನಲ್ಲಿ ಒಂದು ತಪ್ಪೂ ಇಲ್ಲವೆಂದು ರಾಮ ಮೆಚ್ಚುತ್ತಾನೆ. ಆಮೇಲೆ ಹನುಮಂತ ವೇಷ ಕಳಚಿ ಇಬ್ಬರನ್ನೂ ಬೆನ್ನ ಮೇಲೆ ಹೊತ್ತು ಬೆಟ್ಟ ಏರುತ್ತಾನೆ. ಸಮುದ್ರದ ದಂಡೆಯ ಪ್ರಸಂಗ ಇನ್ನೂ ದೊಡ್ಡದು. ಎಲ್ಲ ಕಪಿಗಳೂ ತಾವು ಎಷ್ಟು ದೂರ ಹಾರಬಲ್ಲೆವು ಎಂದು ಲೆಕ್ಕ ಹೇಳುವಾಗ ಅವನು ಮಾತಾಡದೆ ಒಂದು ಕಡೆ ಕೂತಿರುತ್ತಾನೆ. ಜಾಂಬವಂತ ಹತ್ತಿರ ಹೋಗಿ ನೀನು ಯಾರ ಮಗ, ಎಳೆಯವನಿದ್ದಾಗ ಏನು ಮಾಡಿದ್ದೆ ಎಂದು ನೆನಪಿಸಿದ ಮೇಲೆ ಅವನು ಬೆಳೆಯಲು ಶುರು ಮಾಡುತ್ತಾನೆ. ಮಂತ್ರಿ, ದೂತ, ಕೊನೆಗೆ ಸಮುದ್ರ ಹಾರಿದವನು. ಒಂದೇ ಜೀವದಲ್ಲಿ ಎಷ್ಟು ಪಾರ್ಟುಗಳು! ಅಂಜನಾದ್ರಿಯ ಮೆಟ್ಟಿಲಲ್ಲಿ ದಣಿದು ಕೂತಾಗ, ತುಂಗಭದ್ರೆಯ ಆಚೆ-ಈಚೆ ಗದ್ದೆಗಳ ಹಸಿರು ಹರಡಿರುವುದನ್ನು ನೋಡುತ್ತ, ನನ್ನ ಮನಸ್ಸು ಹೋಗುವುದು ಆ ಹಾರಿದ ಹನುಮನಿಗಿಂತ ಹೆಚ್ಚಾಗಿ ದಂಡೆಯಲ್ಲಿ ಸುಮ್ಮನೆ ಕೂತ ಹನುಮನ ಕಡೆಗೆ.

ಪರದೆಯ ಆಟದಲ್ಲಿ ಪ್ರೀಸ್ಟ್ ವೇಷ ಕಟ್ಟುವಾಗ ನಾನು ಆರಿಸಿಕೊಂಡದ್ದು ಕುಳ್ಳರ ಕುಲವನ್ನು. ಅದಕ್ಕೆ ಕಾರಣ ಹಿರೇಬೆಣಕಲ್. ಗಂಗಾವತಿಯಿಂದ ಹೆಚ್ಚು ದೂರವಿಲ್ಲ. ಬಂಡೆಗಳ ನಡುವೆ ಏರಿ ಹೋದರೆ ಮೇಲೆ ಶಿಲಾಯುಗ ಮುಗಿದು ಕಬ್ಬಿಣ ಬಂದ ಕಾಲದವರು ಎಬ್ಬಿಸಿದ ಸುಮಾರು 400 ಕಲ್ಮನೆಗಳು, ಗೋರಿಗಳು ಇವೆ. ನಾಲ್ಕು ಕಡೆ ಚಪ್ಪಡಿ, ಮೇಲೊಂದು ಚಪ್ಪಡಿ. ಕೆಲವಕ್ಕೆ ಮುಂದಿನ ಕಲ್ಲಿನಲ್ಲಿ ದುಂಡಗೆ ಕೊರೆದ ಕಿಂಡಿ. ಊರವರಿಗೆ ಇದು ಮೋರ್ಯರ ಗುಡ್ಡ. ಮೋರ್ಯರೆಂದರೆ ಕುಳ್ಳ ಮನುಷ್ಯರು, ಇವು ಅವರ ಮನೆಗಳು ಎಂಬ ಕಥೆ ಕರ್ನಾಟಕದ ಹಲವು ಕಡೆ ಇದೆ. 2021ರಲ್ಲಿ ಈ ಜಾಗ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿತು. ಪುರಾತತ್ವದವರು ಅವು ಸತ್ತವರಿಗಾಗಿ ಕಟ್ಟಿದವು ಎನ್ನುತ್ತಾರೆ, ಅದು ಸರಿ. ಆದರೂ ಕಿಂಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಅದರ ಎತ್ತರಕ್ಕೆ ಕಣ್ಣು ತಂದಾಗ, ಒಳಗಿನ ನೆರಳು ಕೋಣೆಯಾಗುತ್ತದೆ, ಚಪ್ಪಡಿ ಮಾಳಿಗೆಯಾಗುತ್ತದೆ. ನಿಂತು ನೋಡಿದರೆ ಅದೊಂದು ಕಲ್ಲಿನ ಪೆಟ್ಟಿಗೆ. ಈ ಕಥೆ ಕಟ್ಟಿದ ಹಿರಿಯರು ಯಾರೋ ಇಲ್ಲಿ ಹೀಗೆಯೇ ಕೂತಿದ್ದಿರಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ತಾವು ಕುಳ್ಳರಾಗದೆ ಅವರಿಗೆ ಅದು ಮನೆಯಾಗಿ ಕಂಡಿರಲಾರದು.

ಇಷ್ಟಾದರೂ ನಮ್ಮಂಥವರು ಒಮ್ಮೆಗೆ ಒಂದು ವೇಷ ಹಾಕುವವರು. ಕೊಪ್ಪಳ ತಾಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರ ಕಲೆಯಲ್ಲಿ ಆ ಕಟ್ಟೇ ಇಲ್ಲ. ಹದಿನಾಲ್ಕರ ಹುಡುಗಿಯಾಗಿದ್ದಾಗಲೇ ತೊಗಲುಗೊಂಬೆಯಾಟಕ್ಕೆ ಬಂದವರು, ಹಲವು ದೇಶಗಳಲ್ಲಿ ಆಡಿ ಬಂದವರು. 2025ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ಅವರ ವಯಸ್ಸು 96 ಎಂದು ಪತ್ರಿಕೆಗಳು ಬರೆದವು. ಚರ್ಮವನ್ನು ಬೆಳಕು ಹಾಯುವಷ್ಟು ತೆಳುವಾಗಿ ಹದ ಮಾಡಿ, ಬಣ್ಣ ಹಾಕಿ, ಆಭರಣದ ಜಾಗದಲ್ಲಿ ಸಣ್ಣ ಸಣ್ಣ ತೂತು ಕೊರೆದು ಮಾಡಿದ ಗೊಂಬೆಗಳು. ಅರಸನ ಗೊಂಬೆ ದೊಡ್ಡದು, ಆಳಿನದು ಚಿಕ್ಕದು. ಅರಮನೆಯ ರಾಮನಿಗೆ ಒಂದು ಗೊಂಬೆ, ಕಾಡಿಗೆ ಹೊರಟ ರಾಮನಿಗೆ ಇನ್ನೊಂದು. ಗೊಂಬೆಯಾಡಿಸುವವರು ಬಿಳಿ ಪರದೆಯ ಹಿಂದೆ ಕೂರುತ್ತಾರೆ. ಸೀತೆ ಅಳಬೇಕು, ಅವಳ ಬೆನ್ನಿಗೇ ರಾವಣ ಗದರಬೇಕು, ನಡುವೆ ಕೋಡಂಗಿ ಕಿಳ್ಳೇಕ್ಯಾತ ಬಂದು ನಗಿಸಬೇಕು. ದನಿಗಳು ಆ ಚಿಕ್ಕ ಜಾಗದಿಂದಲೇ ಏಳಬೇಕು. ಕದ್ದವನ ಮಾತೂ ಕಳೆದುಕೊಂಡವಳ ಮಾತೂ ಒಂದೇ ರಾತ್ರಿ ಒಂದೇ ಬಾಯಲ್ಲಿ ನ್ಯಾಯವಾಗಿ ಬರುವುದಾದರೆ, ಆ ಮನಸ್ಸಿನಲ್ಲಿ ಎಷ್ಟು ಜನಕ್ಕೆ ಜಾಗವಿರಬೇಕು! ಎಂಬತ್ತು ವರ್ಷಗಳ ಹತ್ತಿರ ಹಾಗೆ ಬದುಕಿದವರಿಗೆ ಲೋಕ ಹೇಗೆ ಕಾಣುತ್ತದೆ ಎಂದು ಯೋಚಿಸಿದರೆ ನನ್ನ ಒಂದು ಕ್ಲಾಸಿನ ಬದಲಾವಣೆ ಬಾಗಿಲ ಹೊಸ್ತಿಲು ದಾಟಿದಷ್ಟೇ. ಆ ಮನೆಯ ಕೋಣೆಗಳು ನನಗೆ ಗೊತ್ತಿಲ್ಲ.

ಕುಷ್ಟಗಿಯ ಗೆಳೆಯ ಈಗ ತಾನೂ ಪ್ರೀಸ್ಟ್ ಆಗುತ್ತೇನೆ ಎನ್ನುತ್ತಿದ್ದಾನೆ. “ನೀ ಕುಂತು ಏನೇನು ನೋಡ್ತೀಯೋ ನಂಗೂ ನೋಡಬೇಕಾಗೇತಿ” ಎಂದ. ಹಾಗಾದರೆ ನಾನು ಕಳ್ಳನ ಪಾರ್ಟು ತೆಗೆದುಕೊಳ್ಳುತ್ತೇನೆ ಎಂದೆ. ಕಳ್ಳನಿಗೆ ಮರೆಯಾಗುವ ವಿದ್ಯೆ ಇರುತ್ತದೆ. ಕಾವಲುಗಾರರ ಪಕ್ಕದಲ್ಲೇ, ಅವರ ಕಣ್ಣಿಗೆ ಬೀಳದೆ, ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ನಡೆಯಬಹುದು. ಯಾರೂ ಹೊಡೆಯಲು ಬರದಿದ್ದಾಗ ಆ ಗಣಿಯ ಕೆಲಸಗಾರರು ಏನು ಮಾಡುತ್ತಿರುತ್ತಾರೆ, ಮರ ಕೊಯ್ಯುವವರು ಯಾವ ಕಡೆ ತಿರುಗಿ ನಿಂತಿರುತ್ತಾರೆ, ಹಡಗಿನ ಮೇಲೆ ವ್ಯಾನ್‌ಕ್ಲೀಫ್ ಒಬ್ಬನೇ ಇದ್ದಾಗ ಎತ್ತ ನೋಡುತ್ತಿರುತ್ತಾನೆ, ನಮ್ಮಿಬ್ಬರಿಗೂ ಗೊತ್ತಿಲ್ಲ. ಶನಿವಾರ ರಾತ್ರಿ, ಊಟ ಮುಗಿಸಿ, ಒಂದನೇ ಲೆವೆಲ್ಲಿನಿಂದ ಶುರು.